ಊರಲ್ಲೊಂದು ಮನೆ, ಪೇಟೆಯಲ್ಲೊಂದು ಗೂಡು

ನಿಮ್ಮ ಬೀದಿಯಲ್ಲಿ ಈಗ ಯಾರದಾದರೂ ಮನೆ ಏಳುತ್ತಿದೆಯೇ? ಇದ್ದೇ ಇರುತ್ತದೆ ಬಿಡಿ. ಬೆಂಗಳೂರಿನಲ್ಲಂತೂ ಜೆಲ್ಲಿ ರಾಶಿಯಿಲ್ಲದ ಬೀದಿಯೇ ಅಪರೂಪ. ಆ ರಾಶಿಯ ಆಚೆ, ಸಿಮೆಂಟು ಇಟ್ಟಿಗೆಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿ, ಮೇಲೆ ತಗಡು ಹೊದಿಸಿದ ಒಂದು ಗೂಡನ್ನು ನೀವು ನೋಡಿರುತ್ತೀರಿ. ಬೆಳಿಗ್ಗೆ ಹಾಲು ತೆಗೆದುಕೊಳ್ಳಲು ನೀವು ಗೇಟಿಗೆ ಬರುವ ಹೊತ್ತಿಗೆ ಅದರ ಮುಂದೆ ಮೂರು ಕಲ್ಲಿನ ಒಲೆ ಹೊಗೆಯಾಡುತ್ತಿರುತ್ತದೆ. ಒಲೆಯ ಮುಂದೆ ಕೂತವಳು ನಿಮ್ಮನ್ನು ಕಂಡು ಸೆರಗು ಸರಿಮಾಡಿಕೊಳ್ಳುತ್ತಾಳೆ. ಅಷ್ಟೇ ಪರಿಚಯ. ಆರೆಂಟು ತಿಂಗಳಲ್ಲಿ ಗೃಹಪ್ರವೇಶದ ಚಪ್ಪರ ಏಳುತ್ತದೆ, ಗೂಡು ಮಾಯವಾಗುತ್ತದೆ. ಅವಳು ಎಲ್ಲಿಗೆ ಹೋದಳು? ಯಾರೂ ಕೇಳುವುದಿಲ್ಲ.

"ಯಾವೂರವ್ವ ನಿಮ್ದು?" ಎಂದು ಒಮ್ಮೆ ವಿಚಾರಿಸಿ ನೋಡಿ. ಕಲಬುರಗಿ, ಯಾದಗಿರಿ, ರಾಯಚೂರು ಎನ್ನುವವರೇ ಹೆಚ್ಚು. ಆದರೆ "ಹಾನಗಲ್ಲ ಕಡೇದವರ್ರೀ ಅಮ್ಮಾರ" ಎನ್ನುವವರೂ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎನ್ನುವವರೂ ಸಿಗುತ್ತಾರೆ. ಈ ಲೇಖನ ಆ ನಾಲ್ಕು ತಾಲ್ಲೂಕುಗಳ ಹೆಣ್ಣುಮಕ್ಕಳ ಮಾತು.

ಹೆಸರು ಕೇಳಿಯೇ ಇಲ್ಲ ಎನ್ನಬೇಡಿ. ಕನಕದಾಸರ ಬಾಡ ಇರುವುದು ಶಿಗ್ಗಾಂವಿ ತಾಲ್ಲೂಕಿನಲ್ಲಿ. ಶರೀಫ ಸಾಹೇಬರ ಶಿಶುವಿನಹಾಳವೂ ಅಲ್ಲಿಯದೇ. ಸವಣೂರೆಂದರೆ ನವಾಬರ ಊರು, ವೀಳ್ಯದೆಲೆಯ ಊರು. ಮಠದ ಅಂಗಳದಲ್ಲಿ ಹತ್ತಾಳು ಕೈ ಹಿಡಿದರೂ ಸುತ್ತು ಬಾರದ ದೊಡ್ಡಹುಣಸೆ ಮರಗಳಿವೆ. ಹಾನಗಲ್ಲಿನಲ್ಲಿ ತಾರಕೇಶ್ವರ ಗುಡಿ, ಕೆರೆಗಳು, ಮಲೆನಾಡಿನ ಸೆರಗಿನ ಭತ್ತದ ಗದ್ದೆ. ಹಿರೇಕೆರೂರಿನಲ್ಲಿ ಗೋವಿನಜೋಳ, ಹತ್ತಿ. 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯನ್ನು ಒಡೆದು ಹಾವೇರಿ ಜಿಲ್ಲೆ ಮಾಡಿದಾಗ ಈ ನಾಲ್ಕೂ ಅದಕ್ಕೆ ಸೇರಿದವು. ಬರಡು ಸೀಮೆಯಲ್ಲ ನೋಡಿ. ಆದರೂ ಗುಳೆ ಹೋಗುವುದು ತಪ್ಪಿಲ್ಲ.

ಏಕೆಂದರೆ ಬಹುಪಾಲು ಹೊಲ ಮಳೆಯನ್ನು ನಂಬಿದ್ದು. ಸುಗ್ಗಿ ಮುಗಿದ ಮೇಲೆ ಮುಂದಿನ ಮಿರಗಾ ಮಳೆಯ ತನಕ ಕೂಲಿಯವರ ಮನೆಯಲ್ಲಿ ಕೈಗೆ ಕೆಲಸವಿಲ್ಲ. ಎರಡೆಕರೆ ಇದ್ದವರಿಗೂ ಬೀಜ, ಗೊಬ್ಬರದ ಸಾಲ ತಲೆಯ ಮೇಲಿರುತ್ತದೆ. 2019ರ ಆಗಸ್ಟಿನಲ್ಲಿ ಸುರಿದ ಮಳೆಗೆ ವರದಾ ಉಕ್ಕಿ, ನೆನೆದ ಮಣ್ಣಿನ ಗೋಡೆಗಳು ಊರೂರಲ್ಲಿ ಕುಸಿದವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಪಂಚನಾಮೆಯಲ್ಲಿ 'ಭಾಗಶಃ' ಎಂದು ಬರೆಯಿಸಿಕೊಂಡವರು ಮಾತ್ರ ಉಳಿದ ಗೋಡೆ ಎತ್ತಲು ಪೇಟೆಯ ದುಡಿಮೆಯನ್ನೇ ನೆಚ್ಚಬೇಕು. ಪೇಟೆಯವರ ಮನೆ ಕಟ್ಟಿದ ಕೂಲಿಯಿಂದ ತಮ್ಮ ಮನೆ ಕಟ್ಟಿಕೊಳ್ಳುವುದು ಎಂದರೆ ಇದೇ!

ಹೋಗುವ ದಾರಿ ಎರಡು. ಹೆದ್ದಾರಿಯಲ್ಲೋ ರೈಲಿನಲ್ಲೋ ಕೆಳಗೆ ಇಳಿದರೆ ಬೆಂಗಳೂರು, ಹಾವೇರಿಯಿಂದ ಸುಮಾರು 340 ಕಿಲೋಮೀಟರ್. ಹುಬ್ಬಳ್ಳಿಗೆ ಹೋಗಿ ಲೋಂಡಾ, ಕ್ಯಾಸಲ್‌ರಾಕ್ ಘಟ್ಟ ಇಳಿದರೆ ಗೋವಾ. ಸವಣೂರಿನವರು ಯಲವಿಗಿಯಲ್ಲಿ ರೈಲು ಹತ್ತಬಹುದು; ಹಾನಗಲ್ಲಿಗೂ ಹಿರೇಕೆರೂರಿಗೂ ರೈಲಿಲ್ಲ. 2023ರ ಜೂನ್ 11ರಿಂದ ಸರಕಾರಿ ಸಾದಾ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲವಾಗಿ, ಹಬ್ಬಕ್ಕೆ ಊರಿಗೆ ಹೋಗಿಬರುವುದು ಸಲೀಸಾಗಿದೆ. ಗೋವಾದ ಗಡಿ ದಾಟುವ ಬಸ್ಸಿಗೆ ಆ ಸವಲತ್ತಿಲ್ಲ.

ಶೆಡ್ಡಿನೊಳಗಿನ ಸಂಸಾರ

ಊರಿನ ಮನೆ ಬಡವರದೇ ಇರಲಿ, ಅದರಲ್ಲೊಂದು ಕಟ್ಟೆ, ಒಂದು ಪಡಸಾಲೆ, ಅಡಿಗೆಗೊಂದು ಮೂಲೆ, ಹಿತ್ತಲು, ಬಚ್ಚಲು ಇರುತ್ತವೆ. ಹೆಣ್ಣುಮಗಳಿಗೆ ಮನೆಯೆಂದರೆ ಈ ಜಾಗಗಳ ಲೆಕ್ಕ. ಶೆಡ್ಡಿನಲ್ಲಿ ಅವೆಲ್ಲ ಒಂದೇ ಕೋಣೆಗೆ ಬಂದು ಕೂರುತ್ತವೆ. ಗಂಡಸಿಗೆ ಅದು ರಾತ್ರಿ ಮೈಚಾಚುವ ಜಾಗ. ಹೆಂಗಸಿಗೆ ಇಡೀ ಸಂಸಾರ.

ಸ್ನಾನದ ಮಾತೇ ತೆಗೆದುಕೊಳ್ಳಿ. ನಾಲ್ಕು ಗಳ ನೆಟ್ಟು ಹಳೆಯ ಸೀರೆ ಸುತ್ತಿದರೆ ಅದೇ ಬಚ್ಚಲು. ಬೆಳಕು ಹರಿಯುವ ಮುಂಚೆ ಮುಗಿಸಬೇಕು, ಇಲ್ಲವೇ ಕತ್ತಲಾಗುವ ತನಕ ತಡೆಯಬೇಕು. ಎದುರಿಗೆ ಮೂರಂತಸ್ತಿನ ಮನೆಯ ಬಾಲ್ಕನಿ ಇದ್ದರಂತೂ ಆ ಸೀರೆಯ ಮರೆ ಮರೆಯೇ ಅಲ್ಲ. ಬಹಿರ್ದೆಸೆಗೂ ಇದೇ ಗಡಿಯಾರ. ಹಗಲೆಲ್ಲ ಬುಟ್ಟಿ ಹೊರುವವಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ಆಮೇಲೆ ಉರಿಮೂತ್ರ, ಸೊಂಟನೋವು. ಮುಟ್ಟಿನ ದಿನಗಳಲ್ಲಿ ಬಟ್ಟೆ ಒಗೆದು ಬಿಸಿಲಿಗೆ ಹಾಕಲು ಎಲ್ಲಿ ಜಾಗ? ತಗಡಿನ ಕೆಳಗೆ ಕತ್ತಲಲ್ಲಿ ಅರೆಬರೆ ಒಣಗಿದ್ದನ್ನೇ ಮತ್ತೆ ಬಳಸುವುದು. ವೈದ್ಯರ ಸಲಹೆಯ ಪುಟ ಓದುವ ನಿಮಗೆ ಇದರ ಪರಿಣಾಮ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅಡಿಗೆ. ಜೋಳದ ರೊಟ್ಟಿ ಬಡಿಯಲು ಗಟ್ಟಿ ನೆಲ ಬೇಕು, ಹರವಾದ ಹೆಂಚು ಬೇಕು, ಸಮನಾದ ಉರಿ ಬೇಕು. ಸೆಂಟ್ರಿಂಗ್ ಹಲಗೆಯ ಚೂರು ಹಾಕಿ ಉರಿಸುವ ಒಲೆ ಒಮ್ಮೆ ಭುಗಿಲೆನ್ನುತ್ತದೆ, ಒಮ್ಮೆ ಹೊಗೆ ಕಾರುತ್ತದೆ. ಹಲಗೆಗೆ ಸವರಿದ ಎಣ್ಣೆಯ ವಾಸನೆ ರೊಟ್ಟಿಗೂ ಹಿಡಿಯುತ್ತದೆ. ಹಾಗಾಗಿ ಪೇಟೆಗೆ ಬಂದ ಮೇಲೆ ಅನ್ನವೇ ಗತಿ. "ಅನ್ನ ಉಂಡ್ರ ಹೊಟ್ಟಿ ನಿಲ್ಲೂದಿಲ್ರೀ" ಎನ್ನುವುದು ಆ ಕಡೆಯ ಎಲ್ಲರ ಬಾಯಲ್ಲೂ ಇರುವ ಮಾತು. ಅದಕ್ಕೇ ಊರಿಂದ ಹೊರಡುವಾಗ ಖಡಕ್ ರೊಟ್ಟಿಯ ಗಂಟು. (ಮಾಡುವುದು ಸುಲಭವೆಂದುಕೊಳ್ಳಬೇಡಿ. ತೆಳ್ಳಗೆ ಬಡಿದು, ಹೆಂಚಿನ ಮೇಲೆ ಎರಡೂ ಬದಿ ಬೇಯಿಸಿ, ಒಲೆಯ ಪಕ್ಕಕ್ಕೆ ಒರಗಿಸಿ ಹಪ್ಪಳದಂತೆ ಗರಿಗರಿಯಾಗುವ ತನಕ ಬಿಡಬೇಕು. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಕಟ್ಟಿದರೆ ವಾರಗಟ್ಟಲೆ ಕೆಡದು. ಜೊತೆಗೆ ಹುರಿದ ಶೇಂಗಾ, ಬ್ಯಾಡಗಿ ಮೆಣಸಿನ ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿದ ಹಿಂಡಿ.) ಗಂಟು ತೀರುವವರೆಗೆ ಊರಿನ ಊಟ, ತೀರಿದ ಮೇಲೆ ಪೇಟೆಯ ಊಟ.

ಎಲ್ಲಕ್ಕಿಂತ ದೊಡ್ಡ ಕೊರತೆ ಬಾಗಿಲಿನದು. ತಗಡಿನ ತುಂಡನ್ನು ತಂತಿಯಿಂದ ಕಟ್ಟಿದರೆ ಬಾಗಿಲು, ಒದ್ದರೆ ಬೀಳುತ್ತದೆ. ಹತ್ತು ಹನ್ನೆರಡು ವರ್ಷದ ಮಗಳನ್ನು ಅಲ್ಲಿ ಒಬ್ಬಳನ್ನೇ ಬಿಟ್ಟು ತಾಯಿ ಹೇಗೆ ಕೆಲಸಕ್ಕೆ ಹೋದಾಳು? ಅಜ್ಜಿಯ ಬಳಿ ಊರಲ್ಲಿ ಬಿಡುತ್ತಾರೆ, ಅಥವಾ ಕೆಲಸದ ಜಾಗಕ್ಕೇ ಕರೆದುಕೊಂಡು ಹೋಗಿ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಹಚ್ಚುತ್ತಾರೆ. ಎರಡೂ ಆಗದಿದ್ದರೆ ಬೇಗ ಮದುವೆ ಮಾಡಿ ಕೈತೊಳೆದುಕೊಳ್ಳುತ್ತಾರೆ. ಬಾಲ್ಯವಿವಾಹದ ಬಗ್ಗೆ ನಾವು ಎಷ್ಟೋ ಭಾಷಣ ಕೇಳಿದ್ದೇವೆ. ಒಂದು ಗಟ್ಟಿ ಬಾಗಿಲು, ಒಂದು ಚಿಲಕ ಇದ್ದಿದ್ದರೆ ಅವುಗಳಲ್ಲಿ ಕೆಲವಾದರೂ ನಿಲ್ಲುತ್ತಿದ್ದವು ಎಂಬುದು ನನ್ನ ಎಣಿಕೆ.

ಕಡಲ ದಂಡೆಯಿಂದ ಎಬ್ಬಿಸಿದ್ದು

1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾದ ಮೇಲೆ ಮುರಗಾಂವ ಬಂದರು, ಗಣಿ, ಕಟ್ಟಡದ ಕೆಲಸಗಳಿಗೆ ಘಟ್ಟದ ಮೇಲಿನಿಂದ ಕನ್ನಡದ ಕೂಲಿಕಾರರು ಇಳಿದರು. ವಾಸ್ಕೋದ ಬೈನಾ ಕಡಲ ದಂಡೆ, ಝುವಾರಿನಗರ, ಮಡಗಾಂವದ ಮೋತಿ ಡೋಂಗರ ಮುಂತಾದ ಕಡೆ ಕನ್ನಡದ ಓಣಿಗಳೇ ಆದವು. ದೇಶದಲ್ಲಿಯೇ ತಲಾ ಆದಾಯದಲ್ಲಿ ಮೇಲಿನ ಸಾಲಿನಲ್ಲಿರುವ ರಾಜ್ಯ ಅದು. ಆದರೆ ಅದನ್ನು ಕಟ್ಟಿದವರಿಗೆ ಇರಲು ಜಾಗ ಎಲ್ಲಿ ಎಂದು ಯಾರೂ ಮೊದಲೇ ಯೋಚಿಸಲಿಲ್ಲ. ಸಿಕ್ಕಲ್ಲಿ ಗುಡಿಸಲು ಎದ್ದಿತು, ಗುಡಿಸಲಿಗೆ ಗೋಡೆ ಬಂತು.

2004ರ ಜೂನ್ 14ರಂದು ಬೈನಾದ ಮೇಲೆ ಬುಲ್ಡೋಜರ್ ಬಂತು. ಅಲ್ಲಿ ವೇಶ್ಯಾವಾಟಿಕೆಯ ಕೋಣೆಗಳಿದ್ದವು, ನಿಜ. ಅವುಗಳ ವಿಚಾರವಾಗಿ 2003ರಲ್ಲಿ ಹೈಕೋರ್ಟಿನ ಆದೇಶವೂ ಆಗಿತ್ತು. ಆದರೆ ಕೂಲಿನಾಲಿ ಮಾಡಿಕೊಂಡಿದ್ದ ಸಂಸಾರಗಳೂ ಅಲ್ಲೇ ಇದ್ದವು. ಬುಲ್ಡೋಜರಿಗೆ ಭೇದ ತಿಳಿಯದು. ಪುನರ್ವಸತಿ ಮಾಡದೆ ಎಬ್ಬಿಸಿದ್ದೇಕೆಂದು ಮಹಿಳಾ ಸಂಘಟನೆಗಳು ಕೇಳಿದವು. ತಿಂಗಳು ನೋಡಿ, ಜೂನ್! ಊರಲ್ಲಿ ಮಿರಗಾ ಮಳೆ ಬಿತ್ತನೆ ತರುವ ಹೊತ್ತಿಗೆ ಇಲ್ಲಿ ಅದೇ ಮಳೆಯಲ್ಲಿ ಪಾತ್ರೆ ಪಗಡಿ, ಹಾಸಿಗೆ ಎಲ್ಲ ಬಯಲಿಗೆ. 2015ರಲ್ಲೂ 2017ರಲ್ಲೂ ಅದೇ ಬೈನಾದಲ್ಲಿ ಕಡಲಿಗೆ ಹತ್ತಿರವಿದ್ದ ಮನೆಗಳನ್ನು ಮತ್ತೆ ಕೆಡವಿದರು. ದಶಕಗಳಿಂದ ಅಲ್ಲೇ ಇದ್ದು, ಅಲ್ಲೇ ಮಕ್ಕಳನ್ನು ಹೆತ್ತು ಬೆಳೆಸಿದ ಕನ್ನಡಿಗರಿಗೆ "ನಿಮ್ಮೂರಿಗೆ ಹೋಗಿ" ಎಂದರೆ ಯಾವ ಊರು? ಹಾನಗಲ್ಲಿನಲ್ಲಿ ಅವರ ಹೆಸರಿನ ರೇಷನ್ ಕಾರ್ಡೂ ಇಲ್ಲದಿರಬಹುದು.

ಗೋವಾದವರನ್ನೇ ಬೈಯುತ್ತ ಕೂರಬೇಡಿ. ನಮ್ಮ ಬೆಂಗಳೂರಿನಲ್ಲಿ ಏನಾಯಿತು? 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, ಬಾಂಗ್ಲಾದವರೆಂಬ ಗುಲ್ಲು ಎದ್ದು, ಶೆಡ್ಡುಗಳನ್ನು ನೆಲಸಮ ಮಾಡಿದರು. ಬಿದ್ದ ತಗಡಿನ ಕೆಳಗಿನಿಂದ ಆಧಾರ್ ಕಾರ್ಡು ಹುಡುಕಿ ತೋರಿಸಿದವರಲ್ಲಿ ನಮ್ಮದೇ ಉತ್ತರ ಕರ್ನಾಟಕದವರಿದ್ದರು! ಹೈಕೋರ್ಟು ತಡೆ ಹಾಕಿತು, ಫೆಬ್ರವರಿಯಲ್ಲಿ ಪುನರ್ವಸತಿಗೆ ಹೇಳಿತು. ಅದಾದ ಒಂದೂವರೆ ತಿಂಗಳಿಗೆ ಲಾಕ್‌ಡೌನ್. ಮೇ ತಿಂಗಳ ಮೊದಲ ವಾರ ಮೆಜೆಸ್ಟಿಕ್ಕಿನಲ್ಲಿ ಗಂಟುಮೂಟೆ, ಮಕ್ಕಳನ್ನು ಎತ್ತಿಕೊಂಡು ನಿಂತ ಆ ಜನಸಾಗರ ನಿಮಗೆ ನೆನಪಿರಬೇಕು. ಮೊದಲು ಹೆಚ್ಚಿನ ದರ ಕೇಳಿ, ಟೀಕೆ ಬಂದ ಮೇಲೆ ಮೇ 3ರಿಂದ ಸರಕಾರ ಉಚಿತ ಬಸ್ಸು ಬಿಟ್ಟಿತು. ಮೇ 5ರಂದು, ಬಿಲ್ಡರುಗಳ ಜೊತೆ ಮಾತುಕತೆಯಾದ ಮೇಲೆ, ಹೊರರಾಜ್ಯದವರ ರೈಲುಗಳನ್ನು ರದ್ದು ಮಾಡಿತು. ಎಲ್ಲೆಡೆ ಆಕ್ಷೇಪ ಎದ್ದಾಗ ಮತ್ತೆ ಬಿಟ್ಟಿತು. ಕೆಲಸಗಾರರು ಹೋಗಿಬಿಟ್ಟರೆ ಕಟ್ಟಡ ನಿಲ್ಲುತ್ತದೆಂಬ ಚಿಂತೆ ಎಲ್ಲರಿಗೂ ಇತ್ತು. ಇಲ್ಲೇ ಉಳಿದರೆ ಅವರು ಎಲ್ಲಿರಬೇಕು, ಏನುಣ್ಣಬೇಕು ಎಂಬ ಚಿಂತೆ ಅಷ್ಟಿರಲಿಲ್ಲ.

ಕಾನೂನು ಇದೆ, ಓದಿ

ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 34ನೆಯ ಕಲಮನ್ನು ಓದಿದರೆ ನಿಮಗೆ ಅಚ್ಚರಿಯಾದೀತು. ಕೆಲಸ ನಡೆಯುವಷ್ಟು ಕಾಲವೂ ಮಾಲೀಕನು ಕೆಲಸಗಾರರಿಗೆಲ್ಲ ಆ ಜಾಗದಲ್ಲೇ, ಅಥವಾ ಆದಷ್ಟು ಹತ್ತಿರದಲ್ಲಿ, ಬಾಡಿಗೆಯಿಲ್ಲದೆ ತಾತ್ಕಾಲಿಕ ವಸತಿ ಕೊಡಬೇಕು. ಅಡಿಗೆಗೆ ಬೇರೆ ಜಾಗ, ಸ್ನಾನಕ್ಕೆ, ಬಟ್ಟೆ ಒಗೆಯಲು, ಶೌಚಕ್ಕೆ ಅನುಕೂಲ ಇರಲೇಬೇಕು. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಶಿಶುವಿಹಾರವೂ ಬೇಕು. ಎಷ್ಟು ಚೆಂದದ ಕಲಮು! ಕಾಲು ಶತಮಾನ ಅದು ಪುಸ್ತಕದಲ್ಲಿ ಸುಖವಾಗಿ ಇತ್ತು. 2020ರಲ್ಲಿ ಆ ಕಾಯ್ದೆಯನ್ನು ಹೊಸ ಕಾರ್ಮಿಕ ಸಂಹಿತೆಯೊಂದರಲ್ಲಿ ಸೇರಿಸಿ, 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ಹೆಸರು ಬದಲಾದರೆ ಬಚ್ಚಲು ಬಂದೀತೇ ಎಂಬುದನ್ನು ನಿಮ್ಮ ಪಕ್ಕದ ಸೈಟಿನಲ್ಲೇ ನೀವು ನೋಡಬಹುದು.

ವಲಸೆಗಾರರಿಗೆಂದೇ 1979ರಲ್ಲಿ ಇನ್ನೊಂದು ಕಾಯ್ದೆ ಬಂದಿತ್ತು. ಅದರ ತಮಾಷೆ ಕೇಳಿ. ಕಂಟ್ರಾಕ್ಟರನ ಮೂಲಕ ರಾಜ್ಯದ ಗಡಿ ದಾಟಿದವರಿಗೆ ಮಾತ್ರ ಅದು ಅನ್ವಯವಾಗುತ್ತಿತ್ತು. ಶಿಗ್ಗಾಂವಿಯವಳು ವಾಸ್ಕೋಗೆ ಹೋದರೆ ವಲಸೆ ಕಾರ್ಮಿಕಳು, ಅದಕ್ಕಿಂತ ದೂರದ ಬೆಂಗಳೂರಿಗೆ ಹೋದರೆ ಅಲ್ಲ ಎಂಬಂತಿತ್ತು! ಕೊಳಚೆ ಪ್ರದೇಶದ 1973ರ ಕಾಯ್ದೆಯೂ ಇವರ ಪಾಲಿಗೆ ಹಾಗೆಯೇ. ಕೊಳಚೆ ಪ್ರದೇಶವೆಂದು ಸರಕಾರ ಘೋಷಿಸಿದರೆ ತಾನೇ ನಲ್ಲಿ, ಚರಂಡಿ, ಹಕ್ಕುಪತ್ರದ ಮಾತು? ಖಾಸಗಿಯವರ ಖಾಲಿ ನಿವೇಶನದಲ್ಲಿ, ತಿಂಗಳಿಗಿಷ್ಟು ಎಂದು ನೆಲಬಾಡಿಗೆ ಕೊಟ್ಟು ಹಾಕಿಕೊಂಡ ನೀಲಿ ಟಾರ್ಪಾಲಿನ ಶೆಡ್ಡುಗಳನ್ನು ಯಾರು ಘೋಷಿಸುತ್ತಾರೆ? ಜಾಗದವನು ಕಟ್ಟಡ ಎಬ್ಬಿಸುವ ದಿನ ಎದ್ದು ಹೋಗಬೇಕು.

ಬೇಕಾದದ್ದು ಯಾವ ಮನೆ?

ಇಲ್ಲೇ ನಾವು ಎಡವುವುದು. ಬಡವರಿಗೆ ಮನೆ ಎಂದ ಕೂಡಲೇ ಸರಕಾರಕ್ಕೂ ನಮಗೂ ಸ್ವಂತ ಮನೆಯೇ ಕಣ್ಣಿಗೆ ಕಟ್ಟುತ್ತದೆ: ಪಟ್ಟಾ, ಬೀಗದಕೈ, ಮಂತ್ರಿಗಳ ಜೊತೆ ಫೋಟೋ. ಹಿರೇಕೆರೂರಿನ ಹೆಣ್ಣುಮಗಳಿಗೆ ಸ್ವಂತ ಮನೆಯ ಆಸೆ ಊರಿನಲ್ಲಿದೆ. ಈ ವರ್ಷ ಪಾಯ, ಮುಂದಿನ ವರ್ಷ ಗೋಡೆ, ಅದರಾಚೆ ಹೆಂಚೋ ಸ್ಲ್ಯಾಬೋ. ಪೇಟೆಯಲ್ಲಿ ಅವಳಿಗೆ ಬೇಕಾದದ್ದು ಆರೆಂಟು ತಿಂಗಳ ಮಟ್ಟಿಗೆ ಮರ್ಯಾದೆಯಿಂದ ಇರಬಹುದಾದ ಬಾಡಿಗೆಯ ಕೋಣೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ಪದ್ಧತಿ ಇದೆಯಲ್ಲ, ದಿನಗೂಲಿಯವರು ಎಲ್ಲಿಂದ ತಂದಾರು? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳ ಮುಂಗಡ ಸಾಕು ಎನ್ನುತ್ತದೆ. ಅದು ಮಾದರಿ ಮಾತ್ರ. ರಾಜ್ಯಗಳು ಒಪ್ಪಿಕೊಂಡರೆ ಉಂಟು.

ಊರಿನಲ್ಲಿರುವುದೂ ಎಲ್ಲರಿಗೂ ಭದ್ರ ಎಂದುಕೊಳ್ಳಬೇಡಿ. 2010ರ ಜುಲೈನಲ್ಲಿ ಸವಣೂರಿನಲ್ಲಿ, ತಲೆತಲಾಂತರದಿಂದ ಮಲ ಹೊರುತ್ತಿದ್ದ ಕುಟುಂಬಗಳಿಗೆ ಇದ್ದ ಜಾಗ ಬಿಡಿ ಎಂದು ಪುರಸಭೆ ಹೇಳಿದಾಗ, ಅವರು ಬೀದಿಯಲ್ಲಿ ನಿಂತು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಬರೆಯಲು ಕೈ ನಡುಗುತ್ತದೆ. ಆದರೆ ನಾಲ್ಕು ಗೋಡೆಗಾಗಿ ಮನುಷ್ಯರು ಅಲ್ಲಿಯವರೆಗೆ ಹೋಗಬೇಕಾಯಿತು ಎನ್ನುವುದನ್ನು ನೀವೂ ತಿಳಿದಿರಬೇಕು.

ಬಾಡಿಗೆ ವಸತಿಯ ಯೋಚನೆ ಬಂದದ್ದು ಲಾಕ್‌ಡೌನಿನ ಬಳಿಕವೇ. 2020ರ ಜುಲೈನಲ್ಲಿ ಕೇಂದ್ರ ಸರಕಾರ, ಪಟ್ಟಣಗಳಲ್ಲಿ ಖಾಲಿ ಬಿದ್ದಿದ್ದ ಸರಕಾರಿ ಮನೆಗಳನ್ನು ವಲಸೆಗಾರರಿಗೆ ಬಾಡಿಗೆಗೆ ಕೊಡುವ, ಹೊಸವನ್ನು ಕಟ್ಟಲು ಕಂಪನಿಗಳಿಗೆ ಉತ್ತೇಜನ ನೀಡುವ ಯೋಜನೆ ತಂದಿತು. ಕೇರಳ ಅದಕ್ಕೂ ಮೊದಲೇ, 2019ರಲ್ಲಿ, ಪಾಲಕ್ಕಾಡಿನ ಕಂಜಿಕ್ಕೋಡಿನಲ್ಲಿ 'ಅಪ್ನಾ ಘರ್' ಎಂಬ ಹಾಸ್ಟೆಲ್ ತೆರೆದಿತ್ತು, 600ಕ್ಕೂ ಹೆಚ್ಚು ಜನರಿಗೆ. ಸಿರಿವಂತ ಸಿಂಗಪುರದಲ್ಲಿ ಹೊರದೇಶದ ಕೂಲಿಕಾರರು ದೊಡ್ಡ ದೊಡ್ಡ ವಸತಿಗೃಹಗಳಲ್ಲಿ ಕಿಕ್ಕಿರಿದಿದ್ದು, 2020ರಲ್ಲಿ ಸೋಂಕು ಅಲ್ಲೇ ಹಬ್ಬಿ, ಆಮೇಲೆ ಹೊಸ ಕಟ್ಟಡಗಳಲ್ಲಿ ಕೋಣೆಗೆ 12 ಜನಕ್ಕಿಂತ ಹೆಚ್ಚು ಬೇಡವೆಂದು ನಿಯಮ ಮಾಡಿದರು. ಇವುಗಳಿಂದ ಕಲಿಯುವುದಿದೆ. ಆದರೆ ಮಂಚದ ಲೆಕ್ಕದ ಹಾಸ್ಟೆಲ್ಲು ಒಂಟಿ ಗಂಡಸಿಗೆ ಸರಿ. ನಮ್ಮ ಹಾನಗಲ್ಲಿನ ಜೋಡಿ ಕೂಸು ಕಟ್ಟಿಕೊಂಡು ಬರುತ್ತದೆ. ಅವರಿಗೆ ಮಂಚ ಸಾಲದು, ಒಲೆ ಬೇಕು, ಬಚ್ಚಲು ಬೇಕು, ಚಿಲಕ ಬೇಕು.

ನಿಮ್ಮ ಮನೆ ಏಳುವಾಗ

ಸರಕಾರದ ಮಾತು ಹಾಗಿರಲಿ, ನಿಮ್ಮ ಕೈಯಲ್ಲಿರುವುದನ್ನು ನೋಡೋಣ. ನಮ್ಮ ಓದುಗರಲ್ಲಿ ಅನೇಕರು ಮನೆ ಕಟ್ಟಿಸುವವರು. ಅಡಿಗೆಮನೆಯ ಕಟ್ಟೆ ಎಷ್ಟು ಎತ್ತರ, ದೇವರ ಮನೆ ಯಾವ ದಿಕ್ಕಿಗೆ ಎಂದು ತಿಂಗಳುಗಟ್ಟಲೆ ಚರ್ಚಿಸುತ್ತೀರಿ. ಹಾಗೆಯೇ ಮೇಸ್ತ್ರಿಯ ಜೊತೆ ಮಾತು ಮುಗಿಸುವ ಮುಂಚೆ ಇದನ್ನೂ ಕೇಳಿ: "ಆಳುಗಳು ಎಲ್ಲಿರುತ್ತಾರೆ? ಹೆಂಗಸರು ಸ್ನಾನಕ್ಕೆ ಎಲ್ಲಿ ಹೋಗುತ್ತಾರೆ?" ಪಾಯ ತೆಗೆಯುವ ಮೊದಲು ಶೌಚದ ಗುಂಡಿ ತೆಗೆಸಿ, ಸುತ್ತ ತಗಡು ನಿಲ್ಲಿಸಿ. ಇಡೀ ಮನೆಯ ಖರ್ಚಿನಲ್ಲಿ ಅದು ಒಂದು ಕಿಟಕಿಯಷ್ಟೂ ಆಗದು. ಶೆಡ್ಡಿಗೆ ಮರದ ಬಾಗಿಲು, ಒಳಗಿನಿಂದ ಹಾಕುವ ಚಿಲಕ, ಒಂದು ಬಲ್ಬು. ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳ. ಸಂಪು ತೋಡಿದ ದಿನವೇ ಅದರ ಮೇಲೆ ಹಲಗೆ ಹಾಸಿ ಕಲ್ಲು ಹೇರಿ. ಆಡುವ ಮಕ್ಕಳು ಅದರಲ್ಲಿ ಬಿದ್ದು ಸತ್ತ ಸುದ್ದಿ ವರ್ಷವರ್ಷವೂ ಪತ್ರಿಕೆಯಲ್ಲಿ ಬರುತ್ತದೆ.

ಒಲೆಯ ಹೊಗೆಗೂ ಒಂದು ದಾರಿಯಿದೆ. 5 ಕಿಲೋ ತೂಕದ ಸಣ್ಣ ಗ್ಯಾಸ್ ಸಿಲಿಂಡರು ವಿಳಾಸದ ಪುರಾವೆ ಇಲ್ಲದೆ, ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ಬಹಳ ಜನಕ್ಕೆ ಗೊತ್ತೇ ಇಲ್ಲ. ರೇಷನ್ನೂ ಅಷ್ಟೆ, ಊರಿನ ಕಾರ್ಡಿನ ಮೇಲೆ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಪಡೆಯಬಹುದು. ಅಂಗಡಿಯವನು "ನಿಮ್ಮೂರಲ್ಲಿ ತಗೊಳ್ಳಿ" ಎಂದು ಸಾಗಹಾಕಿದರೆ ನೀವೊಮ್ಮೆ ಜೊತೆಗೆ ಹೋಗಿ ನಿಂತು ನೋಡಿ, ಮಾತು ಬದಲಾಗುತ್ತದೆ.

ನಕ್ಷೆ ಮಂಜೂರಾತಿಯ ವೇಳೆ ಕಾರ್ಮಿಕರ ಹೆಸರಿನಲ್ಲಿ ಶೇಕಡಾ 1ರ ಸೆಸ್ ಕಟ್ಟಿದ್ದೀರಲ್ಲ, ಆ ಹಣ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. 18ರಿಂದ 60 ವಯಸ್ಸಿನ, ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಅಲ್ಲಿ ಹೆಸರು ಬರೆಸಬಹುದು. ಗಂಡನ ಹೆಸರು ಬರೆಸಿ "ನಂದ್ಯಾಕ ಬಿಡ್ರಿ" ಎನ್ನುವ ಹೆಂಗಸರೇ ಹೆಚ್ಚು. ಬುಟ್ಟಿ ಹೊತ್ತವಳೂ ಕಾರ್ಮಿಕಳೇ. ಅವಳ ಹೆಸರನ್ನೂ ಬೇರೆಯಾಗಿಯೇ ಬರೆಸಿ ಎಂದು ಒತ್ತಿ ಹೇಳಿ. 90 ದಿನದ ಕೆಲಸಕ್ಕೆ ದಾಖಲೆ ಬೇಕಾಗುತ್ತದೆ, ಅದನ್ನು ಬರೆದುಕೊಡಲು ಮೇಸ್ತ್ರಿ ಸತಾಯಿಸಿದರೆ ಕೊನೆಯ ಕಂತಿನ ಹಣ ನಿಮ್ಮ ಕೈಯಲ್ಲೇ ಇದೆಯಲ್ಲ!

ಮಕ್ಕಳ ವಿಚಾರ. ಶೆಡ್ಡಿನ ಮುಂದೆ ಮರಳಿನಲ್ಲಿ ಆಡುವ ಕೂಸಿಗೆ ಆರು ವರ್ಷ ತುಂಬಿದ್ದರೆ ಹತ್ತಿರದ ಸರಕಾರಿ ಶಾಲೆಗೆ ನೀವೇ ಒಂದು ದಿನ ಕರೆದುಕೊಂಡು ಹೋಗಿ. ನಡುವರ್ಷವಾಯಿತು, ಟಿ.ಸಿ. ಇಲ್ಲ ಎಂದು ಹಿಂದೆ ಕಳಿಸುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆಂದು ಸ್ಪಷ್ಟವಾಗಿ ಹೇಳುತ್ತದೆ. ಮೊದಲು ಮಗುವನ್ನು ತರಗತಿಯಲ್ಲಿ ಕೂರಿಸಿ ಎನ್ನಿ. ಟಿ.ಸಿ.ಯನ್ನು ಆಮೇಲೆ ಊರಿನಿಂದ ತರಿಸಿಕೊಂಡರಾಯಿತು.